ಧಣಿಗಳ ಅಹವಾಲು



ವಿದೇಶಾಂಗ ನೀತಿ ರಾಯಭಾರಿಗಳ ಕೆಲಸವೆಂದು ನಾವು ಸುಮ್ಮನಿರುತ್ತೇವೆ. ಧಣಿಗಳು ಸುಮ್ಮನಿರುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಶಾಸಕರು ಹಾಂಗ್‌ಕಾಂಗಿಗೆ ಬಂದರೆ, ಅಲ್ಲಿನ ಅಮೆರಿಕನ್ ವಾಣಿಜ್ಯ ಮಂಡಲಿಯವರು ಅಹವಾಲು ಹಿಡಿದು ಎದುರು ಕೂರುತ್ತಿದ್ದರು: ಚೀನಾದ ಸರಕಿಗೆ ಕಡಿಮೆ ಸುಂಕ ಮುಂದುವರಿಯಲಿ, ಮಾನವ ಹಕ್ಕಿನ ಷರತ್ತನ್ನು ಅದಕ್ಕೆ ಗಂಟುಹಾಕಬೇಡಿ.

1993ರ ನವೆಂಬರಿನಲ್ಲಿ ಪಕ್ಕದ ಷೆನ್‌ಜೆನ್‌ನ ಆಟಿಕೆ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಬಾಗಿಲಿಗೆ ಬೀಗ, ಕಿಟಕಿಗೆ ಕಂಬಿ. 80ಕ್ಕೂ ಹೆಚ್ಚು ಮಂದಿ ಸತ್ತರು. ಬಹುಪಾಲು ಹಳ್ಳಿಯಿಂದ ಬಂದ ಹುಡುಗಿಯರು. ಆರೇ ತಿಂಗಳಿಗೆ, 1994ರ ಮೇ ತಿಂಗಳಲ್ಲಿ, ಅಧ್ಯಕ್ಷ ಕ್ಲಿಂಟನ್ ಆ ಷರತ್ತನ್ನು ಕೈಬಿಟ್ಟರು. 2000ದಲ್ಲಿ ಸುಂಕದ ಸವಲತ್ತನ್ನು ಕಾಯಂ ಮಾಡುವ ಶಾಸನವೂ ಬಂತು.

ಸುಂಕ ಏರಿದರೆ ಆ ಹುಡುಗಿಯರ ಕೂಲಿಗೇ ಕುತ್ತು ಎಂಬ ವಾದದಲ್ಲಿ ಸತ್ಯವೂ ಇದ್ದೀತು. ಆದರೆ ಅದನ್ನು ಹೇಳಬೇಕಾದವರು ಅವರು. ಸ್ವತಂತ್ರ ಸಂಘ ಕಟ್ಟುವ ಹಕ್ಕೇ ಅವರಿಗಿರಲಿಲ್ಲ.