ಚುಕ್ಕಿ, ಚೌಕ ಮತ್ತು ನಾಗಪುರದ ನಮ್ಮ ಮಕ್ಕಳು

ಮಿಹಾನ್‌ನಲ್ಲಿ ಕೆಲಸ ಮಾಡ್ತಿರೋ, ಮನೇಲಿ ಮೂರರಿಂದ ಆರು ವರ್ಷದ ಮಕ್ಕಳಿರೋ ನಮ್ಮವರಿಗಾಗಿ ಇವತ್ತಿನ ಮಾತು. ವಿಷಯ ಚಿಕ್ಕದು: ಚಿತ್ರಗಳಲ್ಲಿ ಆಕಾರ ಹುಡುಕೋದು.

ನಾಗಪುರದಲ್ಲಿದ್ದೀವಿ ಅಂದ ಮೇಲೆ ಎಸ್.ಎಚ್. ರಜಾ ಅವರಿಂದಲೇ ಶುರು ಮಾಡೋಣ. 1922ರಲ್ಲಿ ಮಂಡ್ಲಾ ಜಿಲ್ಲೆಯಲ್ಲಿ ಹುಟ್ಟಿದ ರಜಾ ಚಿತ್ರಕಲೆ ಕಲಿಯೋಕೆ ಮೊದಲು ಬಂದದ್ದು ಇದೇ ಊರಿನ ಕಲಾಶಾಲೆಗೆ, ಮುಂಬೈನ ಜೆ.ಜೆ. ಶಾಲೆ, ಪ್ಯಾರಿಸ್ ಎಲ್ಲ ಆಮೇಲೆ. ಅವರೇ ಹೇಳ್ತಿದ್ದ ಕಥೆ ಇದು: ಪ್ರೈಮರಿ ಶಾಲೇಲಿ ಹುಡುಗನ ಗಮನ ಎಲ್ಲೆಲ್ಲೋ ಹರೀತಿತ್ತು. ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕಿ ಬರೆದು, ಅದನ್ನೇ ನೋಡ್ತಾ ಕೂರು ಅಂದರು. ದಶಕಗಳ ನಂತರ ಆ ಚುಕ್ಕಿ ಅವರ ಕ್ಯಾನ್ವಾಸಿನ ದೊಡ್ಡ ಕಪ್ಪು ‘ಬಿಂದು’ ಆಯ್ತು. ಸುತ್ತ ಚೌಕ, ತ್ರಿಕೋನಗಳು ಬಂದವು.

ಈ ಚಿತ್ರಗಳು ಗೂಗಲ್‌ನಲ್ಲಿ ಸಿಗ್ತವೆ. ಟಿವಿ ಮೇಲೆ ದೊಡ್ಡದಾಗಿ ಹಾಕಿ, ಮಗೂನ ಪಕ್ಕ ಕೂರಿಸಿಕೊಳ್ಳಿ. ಆಗ ನಾವು ಮಾಡೋ ಮೊದಲ ಕೆಲಸ ಏನು? "ಇದ್ಯಾವ ಶೇಪು ಹೇಳು?" ಇಂಟರ್‌ವ್ಯೂ ಶುರು! ಮಗು "ಟ್ರಯಾಂಗಲ್" ಅನ್ನುತ್ತೆ, ಚಪ್ಪಾಳೆ, ಮುಗೀತು. ಅದರ ಬದಲು ಒಂದು ನಿಮಿಷ ಸುಮ್ಮನಿರಿ. ಆಮೇಲೆ "ನಿಂಗೇನು ಕಾಣ್ತಿದೆ?" ಅಂತ ಕೇಳಿ. "ಮನೆ" ಅಂದರೆ ಮನೆ. "ಯಾವುದು ನೋಡಿ ಮನೆ ಅನ್ನಿಸ್ತು?" ಅಂದಾಗ ಬೆರಳು ತಾನಾಗೇ ಮೇಲಿನ ಎರಡು ಓರೆ ಗೆರೆಗೆ ಹೋಗುತ್ತೆ. ಮೂಲೆ ಎಣಿಸೋಕೆ ಅದೇ ಸಮಯ.

ಚಿತ್ರವೇ ಯಾಕೆ, ಗೋಡೆಗೆ ಅಂಟಿಸಿದ ಚಾರ್ಟ್ ಸಾಲದಾ? ಚಾರ್ಟಿನಲ್ಲಿ ತ್ರಿಕೋನ ಸಾಮಾನ್ಯವಾಗಿ ನೆಟ್ಟಗೆ, ಮೂರೂ ಬದಿ ಸಮ. ಅದೊಂದನ್ನೇ ನೋಡಿದ ಮಗು ತಲೆಕೆಳಗಾದದ್ದನ್ನ, ಸೂಜಿಯಂತೆ ಸಪೂರವಾದದ್ದನ್ನ ತ್ರಿಕೋನ ಅಂತ ಒಪ್ಪಲ್ಲ. ಚೌಕವನ್ನ ಮೂಲೆ ಮೇಲೆ ನಿಲ್ಲಿಸಿದರೆ ಅದು ಚೌಕವೇ ಅಲ್ಲ, "ಡೈಮಂಡ್". ರಜಾ ಚಿತ್ರಗಳಲ್ಲಿ ತ್ರಿಕೋನ ಮೇಲ್ಮುಖವಾಗೂ ಇರುತ್ತೆ, ಕೆಳಮುಖವಾಗೂ ಇರುತ್ತೆ.

ಇದಕ್ಕೆ ನಮ್ಮ ಮನೆಮದ್ದು ಚುಕ್ಕಿ ರಂಗೋಲಿ. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ ಇಡಿ. ಸೇರಿಸಿದರೆ ಎಷ್ಟು ಚೌಕ? ಪುಟ್ಟವು ನಾಲ್ಕು, ಹೊರಗಿನ ದೊಡ್ಡದು ಒಂದು. ಐದಕ್ಕೆ ಎಂಜಿನಿಯರ್ ಅಪ್ಪಂದಿರೂ ನಿಲ್ಲಿಸಿಬಿಡ್ತಾರೆ. ನಾಲ್ಕೂ ಬದಿಗಳ ನಡುವಿನ ಚುಕ್ಕಿಗಳನ್ನ ಸೇರಿಸಿ ನೋಡಿ: ಓರೆಯಾಗಿ ನಿಂತ ಆರನೇದು. ಮಗು ಒಪ್ಪದಿದ್ರೆ ವಾದ ಬೇಡ, ಹಾಳೆ ತಿರುಗಿಸಿ. ಫ್ಲಾಟಿನ ಬಾಗಿಲ ಮುಂದೆ ಬರೆದಿದ್ದರೆ ಮಗೂನೇ ಸುತ್ತು ಬಂದು ನೋಡಲಿ.

ಇನ್ನು ಹೆಸರುಗಳು. ಸ್ಕೂಲಲ್ಲಿ ಸ್ಕ್ವೇರ್, ಮರಾಠಿ ಗೆಳೆಯರ ಹತ್ರ ಚೌರಸ, ಮನೇಲಿ ಚೌಕ. ಗಾಬರಿ ಬೇಡ, ತ್ರಿಕೋನ, ಆಯತ ಎರಡೂ ಭಾಷೇಲಿ ಹೆಚ್ಚುಕಡಿಮೆ ಒಂದೇ. ಮೂಲೆ, ಓರೆ, ದುಂಡು, ಅಂಚು, ಸಪೂರ — ಈ ಮಾತುಗಳು ಮಾತ್ರ ಮಗುವಿಗೆ ನಮ್ಮ ಬಾಯಿಂದಲೇ ಸಿಗಬೇಕು. ಇಲ್ಲಿ ಬೇರೆ ಯಾರು ಕೊಡ್ತಾರೆ?

ಅಂದ ಹಾಗೆ, ಈ ಊರಲ್ಲಿ ಸರ್ಕಲ್ಲಿಗೂ ಸ್ಕ್ವೇರ್ ಅಂತಾರೆ. "ದುಂಡಗಿದೆಯಲ್ಲ, ಸ್ಕ್ವೇರ್ ಯಾಕೆ?" ಅಂತ ಮಗು ಸಿಗ್ನಲ್‌ನಲ್ಲಿ ಕೇಳಿದರೆ ಉತ್ತರ ನೀವೇ ಹುಡುಕ್ಕೊಳ್ಳಿ.