ಕುದುರೆಯ ಬಾಲಕ್ಕೆ ಕಟ್ಟಿದ ನಾಯಿ

ಲೆಪರ್ಡ್ಸ್‌ಟೌನಿನ ಹೆಸರಿನಲ್ಲಿ ಚಿರತೆಯಿಲ್ಲ. ಐರಿಷ್ ಮೂಲದಲ್ಲಿ ಅದು ಕುಷ್ಠರೋಗಿಗಳ ಊರು. ಅಲ್ಲಿ 1888ರಿಂದ ಕುದುರೆಗಳು ಓಡುತ್ತಿವೆ. ಐರ್ಲೆಂಡಿನ ರೇಸುಗಳಿಗೆ ಸರ್ಕಾರದ ಹಣವೂ ಸಲ್ಲುತ್ತದೆ. 2001ರ ಕಾಯ್ದೆಯಿಂದ ಬಂದ ನಿಧಿಯಲ್ಲಿ ಶೇ. 80 ಕುದುರೆಗೆ, ಶೇ. 20 ಗ್ರೇಹೌಂಡ್ ನಾಯಿಗಳ ಓಟಕ್ಕೆ. 2024ರಲ್ಲಿ ಒಟ್ಟು 9.5 ಕೋಟಿ ಯೂರೋ. ಸಂಸತ್ತಿನ ಕೆಳಮನೆಯಾದ ಡಾಯ್ಲ್‌ನಲ್ಲಿ ಎರಡಕ್ಕೂ ಒಂದೇ ಮತ. ಹೀಗಾಗಿ ನಾಯಿಗಳ ಯಾತನೆಯನ್ನು ಪ್ರಶ್ನಿಸಿದ ಸದಸ್ಯರು ಕುದುರೆ ಸಾಕುವವರ ವೈರಿಗಳೆನಿಸಿಬಿಡುತ್ತಾರೆ. ಕಂಬಳಕ್ಕಾಗಿ 2017ರಲ್ಲಿ ಕಾಯ್ದೆಯನ್ನೇ ತಿದ್ದಿದ ಕರ್ನಾಟಕದವರಿಗೆ ಈ ತರ್ಕ ಹೊಸದೇನಲ್ಲ.

2024ರ ಜೂನಿನಲ್ಲಿ ಆರ್‌ಟಿಇ ವಾಹಿನಿಯು ಕಸಾಯಿಖಾನೆಯೊಂದರಲ್ಲಿ ಕುದುರೆಗಳಿಗಾಗುತ್ತಿದ್ದ ಹಿಂಸೆಯನ್ನು ತೋರಿಸಿತು. ಕುದುರೆಗಳ ಗುರುತನ್ನೇ ತಿರುಚಿ ಮಾಂಸವನ್ನು ಮಾರುಕಟ್ಟೆಗೆ ಸೇರಿಸುವ ಸಂಗತಿಯೂ ಅದರಲ್ಲಿತ್ತು. ಔಷಧ ತಿಂದ ಪ್ರಾಣಿ ತಟ್ಟೆಗೆ ಬಂದೀತೆಂದಾಗ ದಯೆಯ ಪ್ರಶ್ನೆ ಜನಾರೋಗ್ಯದ ಪ್ರಶ್ನೆಯೂ ಆಯಿತು. ಕುದುರೆಯ ಲೆಕ್ಕವನ್ನೂ ನಾಯಿಯ ಲೆಕ್ಕವನ್ನೂ ಬೇರೆಬೇರೆಯಾಗಿ ಕೇಳಬೇಕಾದರೆ ಮೊದಲು ಆ ಮತ ಎರಡಾಗಬೇಕು.