ನಾಯಿಯ ಕಾಲು ಬಾತಾಗ ಕೇಳಬೇಕಾದ ಪ್ರಶ್ನೆಗಳು

(ಗುಡ್ಡದ ಊರುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ದೂರದಿಂದ ನೋಡುವವರಿಗೆ ಗಜೇಂದ್ರಗಡದ ಗುಡ್ಡಗಳು ಬರಿಯ ಕಲ್ಲಿನ ರಾಶಿಯಂತೆ ತೋರುವುದುಂಟು. ಆದರೆ ಕಾಲಕಾಲೇಶ್ವರದ ಆಸುಪಾಸಿನ ಇಳಿಜಾರುಗಳಲ್ಲಿ ಕುರಿ ಮೇಯಿಸುವವರಿಗೆ, ಅಲ್ಲಿನ ಕಲ್ಲುಗಳ ಕೆಳಗೆ ಜೀವಗಳು ಅಡಗಿವೆಯೆಂಬುದು ಚೆನ್ನಾಗಿ ತಿಳಿದಿದೆ. ರೋಣ, ನರಗುಂದಗಳ ಎರೆ ಹೊಲಗಳೂ ಹಾಗೆಯೇ. ಬೇಸಿಗೆಯಲ್ಲಿ ಬಿರಿದ ಆ ಕಪ್ಪು ನೆಲದ ಸೀಳುಗಳಲ್ಲಿ ಇಲಿ ಸೇರುತ್ತದೆ. ಇಲಿಯನ್ನು ಅರಸಿ ಹಾವು ಬರುತ್ತದೆ. ಇಂತಹ ನೆಲದಲ್ಲಿ ಮನುಷ್ಯನಿಗಿಂತ ಮೊದಲು ಹೆಜ್ಜೆಯಿಡುವುದು ನಾಯಿ. ಹಿಂಡಿನ ಮುಂದೆ ನಡೆಯುವುದೂ ಅದೇ, ಪೊದೆಯೊಳಗೆ ಮೂಗು ತೂರಿಸುವುದೂ ಅದೇ, ರಾತ್ರಿ ಕುರಿದೊಡ್ಡಿಯ ಸುತ್ತ ತಿರುಗುವುದೂ ಅದೇ. ಆದಕಾರಣ ನೆಲದಲ್ಲಿ ಅಡಗಿದ ಅಪಾಯವು ಎಷ್ಟೋ ವೇಳೆ ಮೊದಲು ಕಾಣಿಸಿಕೊಳ್ಳುವುದು ನಾಯಿಯ ಕಾಲಿನಲ್ಲಿ.

ಸಂಜೆ ಚೆನ್ನಾಗಿಯೇ ಇದ್ದ ನಾಯಿ ಬೆಳಗಾಗುವುದರೊಳಗೆ ಒಂದು ಕಾಲನ್ನು ಎತ್ತಿ ಹಿಡಿದಿರುತ್ತದೆ. ಕಾಲು ಬಾತಿರುತ್ತದೆ, ಗಾಯವೇನೂ ಕಾಣದು. ಆಗ ಸಾಮಾನ್ಯವಾಗಿ ನಡೆಯುವುದೇನು? ಒಬ್ಬರು ಉಳುಕು ಎನ್ನುತ್ತಾರೆ, ಇನ್ನೊಬ್ಬರು ಮುಳ್ಳು ಎನ್ನುತ್ತಾರೆ, ಮತ್ತೊಬ್ಬರು ಅರಿಶಿನ ಸುಣ್ಣ ಹಚ್ಚುತ್ತಾರೆ. ಎರಡು ದಿನ ಕಾದು ನೋಡೋಣವೆಂಬ ತೀರ್ಮಾನವಾಗುತ್ತದೆ. ಮುಳ್ಳಾಗಿದ್ದರೆ ಆ ಎರಡು ದಿನ ದೊಡ್ಡದಲ್ಲ. ಮಂಡಲದ ಹಾವಿನ ಕಡಿತವಾಗಿದ್ದರೆ ಆ ಎರಡು ದಿನಗಳೇ ನಾಯಿಯ ಆಯುಷ್ಯವಾಗಬಹುದು.

ಬಾವು ಒಂದು ರೋಗವಲ್ಲ, ಲಕ್ಷಣ. ಜ್ವರವೆಂಬುದು ಹಲವು ಕಾಯಿಲೆಗಳ ಗುರುತಾಗಿರುವಂತೆ ಬಾವಿಗೂ ಹತ್ತು ಕಾರಣಗಳಿರುತ್ತವೆ. ಕಾರಣವನ್ನು ಖಚಿತಪಡಿಸುವುದು ಪಶುವೈದ್ಯರ ಕೆಲಸ. ಆದರೆ ಅವರ ಕೈಗೆ ನಾಯಿ ತಲುಪುವ ಮೊದಲೇ ಅರ್ಧ ಉತ್ತರವನ್ನು ಒದಗಿಸಬಲ್ಲವರು ನಾಯಿಯ ಜೊತೆಗಿದ್ದವರು. ಅದಕ್ಕಾಗಿ ನಾಲ್ಕು ಪ್ರಶ್ನೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಮೊದಲನೆಯದು, ಎಷ್ಟು ಕಾಲು ಬಾತಿವೆ? ಒಂದೇ ಕಾಲಾದರೆ ಕಾರಣವು ಬಹುಮಟ್ಟಿಗೆ ಆ ಕಾಲಿನಲ್ಲಿಯೇ ಇರುತ್ತದೆ: ಕಡಿತ, ಮುಳ್ಳು, ಮುರಿತ, ಕೀವು, ಸುತ್ತಿಕೊಂಡ ದಾರ. ಎರಡು ಅಥವಾ ನಾಲ್ಕು ಕಾಲುಗಳೂ ಒಟ್ಟಿಗೆ ಬಾತಿದ್ದರೆ ಕಾರಣವನ್ನು ದೇಹದೊಳಗೆ ಹುಡುಕಬೇಕಾಗುತ್ತದೆ. ಹೃದಯ, ಯಕೃತ್ತು ಅಥವಾ ಮೂತ್ರಪಿಂಡ ಸೋತಾಗ, ರಕ್ತದಲ್ಲಿ ಪ್ರೋಟೀನು ಕುಸಿದಾಗ ನೀರು ಕಾಲಿಗಿಳಿಯುತ್ತದೆ. ಅಂತಹ ಬಾವನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ಕೂಡಲೇ ತುಂಬಿಕೊಳ್ಳುವುದಿಲ್ಲ.

ಎರಡನೆಯದು, ಎಷ್ಟು ಬೇಗ ಬಂತು? ಈ ನಾಲ್ಕರಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದೇ. ಮುಳ್ಳಿನ ಕೀವು ಬಲಿಯಲು ದಿನಗಳು ಬೇಕು. ವಯಸ್ಸಾದ ದೊಡ್ಡ ನಾಯಿಯಲ್ಲಿ ಮೂಳೆಯ ಗಡ್ಡೆ ವಾರಗಟ್ಟಲೆ ಬೆಳೆದು ಗಟ್ಟಿಯಾಗಿ ಕೈಗೆ ಸಿಗುತ್ತದೆ. ಮುರಿತ, ಜೇನು ಅಥವಾ ಕಣಜದ ಕುಟುಕು ಮತ್ತು ಹಾವಿನ ಕಡಿತ, ಇವುಗಳ ಬಾವು ಮಾತ್ರ ನಿಮಿಷಗಳಲ್ಲಿ, ಗಂಟೆಗಳಲ್ಲಿ ಬರುತ್ತದೆ. ಕುಟುಕಿನ ಬಾವು ಸಾಮಾನ್ಯವಾಗಿ ಒಂದು ಮಟ್ಟಕ್ಕೆ ನಿಂತು ಇಳಿಯತೊಡಗುತ್ತದೆ. ಮಂಡಲದ ಹಾವಿನ ಬಾವು ನಿಲ್ಲದೆ ಮೇಲಕ್ಕೇರುತ್ತದೆ. ಪಾದದಿಂದ ಮೊಣಕಾಲಿಗೆ, ಅಲ್ಲಿಂದ ಹೆಗಲಿಗೆ ಅಥವಾ ತೊಡೆಗೆ.

ಮೂರನೆಯದು, ನಾಯಿ ಎಲ್ಲಿ ತಿರುಗಾಡಿತ್ತು? ಮಳೆಗಾಲ ಕಳೆದು ಹುಲ್ಲು ಒಣಗಿದ ಮೇಲೆ ಗುಡ್ಡದಲ್ಲಿ ತಿರುಗಿದ ನಾಯಿಯ ಬೆರಳಸಂದಿಯಲ್ಲಿ ಸೂಜಿಯಂತಹ ಹುಲ್ಲಿನ ಮುಳ್ಳು ಹೊಕ್ಕಿರಬಹುದು. ಅದರ ಮೊನೆ ಮುಂದಕ್ಕಷ್ಟೇ ಸಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬದುವಿನ ಜಾಲಿಯ ಮುಳ್ಳು ಮುರಿದು ಒಳಗೇ ಉಳಿದಿರಬಹುದು. ಹೆದ್ದಾರಿಯ ಬದಿಗೆ ಹೋಗಿದ್ದರೆ ವಾಹನ ತಾಗಿರಬಹುದು. ಜೋಳದ ಕಣಿಕೆಯ ಬಣವೆ, ಕಾಲುವೆಯ ಏರಿ, ಕಲ್ಲಿನ ಒಡ್ಡು, ಕಳೆ ತುಂಬಿದ ಹೊಲ, ಇವು ಇಲಿಯ ಮನೆಗಳು; ಆದ್ದರಿಂದ ಹಾವಿನ ದಾರಿಗಳು.

ನಾಲ್ಕನೆಯದು, ಕಾಲನ್ನು ಬಿಟ್ಟು ದೇಹದ ಉಳಿದ ಭಾಗ ಏನು ಹೇಳುತ್ತಿದೆ? ತುಟಿಯನ್ನೆತ್ತಿ ಒಸಡನ್ನು ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಒಸಡು ಬಿಳಿಚಿದ್ದರೆ, ಅಲ್ಲಿಂದ ಅಥವಾ ಮೂಗಿನಿಂದ ರಕ್ತ ಒಸರುತ್ತಿದ್ದರೆ, ಮೂತ್ರ ಕೆಂಪಾಗಿದ್ದರೆ ಇನ್ನು ಕಾಯುವಂತಿಲ್ಲ. ಇಲಿಪಾಷಾಣ ತಿಂದ ನಾಯಿಯಲ್ಲಿಯೂ, ಉಣ್ಣೆಯಿಂದ ಹರಡುವ ಜ್ವರದಲ್ಲಿಯೂ ರಕ್ತಸ್ರಾವವಾಗುವುದುಂಟು. ಆದರೆ ಉಣ್ಣೆಯ ಜ್ವರದಲ್ಲಿ ನಾಯಿ ಹಲವು ದಿನಗಳಿಂದಲೇ ಮೇವು ಬಿಟ್ಟು ಸೊರಗಿರುತ್ತದೆ. ಹಾವು ಕಡಿದ ನಾಯಿ ನಿನ್ನೆಯವರೆಗೆ ಓಡಾಡಿಕೊಂಡಿರುತ್ತದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹಾವು ಕಡಿದಿದ್ದರೆ ಹಲ್ಲಿನ ಗುರುತು ಕಾಣಬೇಡವೇ? ಕಾಣಲೇಬೇಕೆಂದಿಲ್ಲ. ಕೂದಲಿನಡಿಯಲ್ಲಿ, ಬಾತ ಚರ್ಮದಲ್ಲಿ ಆ ಗುರುತು ಮುಚ್ಚಿಹೋಗುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯಂತಹ, ಗಿಡ್ಡ ಕೂದಲಿನ ತೆಳ್ಳನೆಯ ಕಾಲಿನ ನಾಯಿಗಳಲ್ಲಿ ಬಾವು ಬೇಗನೆ ಕಣ್ಣಿಗೆ ಬೀಳುತ್ತದೆ. ದಟ್ಟ ಕೂದಲಿನ ನಾಯಿಗಳಲ್ಲಿ ಕೈಯಿಂದ ತಡವಿಯೇ ತಿಳಿಯಬೇಕು. ಎರಡು ಕಾಲುಗಳನ್ನೂ ಒಂದೇ ಜಾಗದಲ್ಲಿ ಹಿಡಿದು ಹೋಲಿಸುವುದು ಸುಲಭವಾದ ಉಪಾಯ.

ಈ ಸೀಮೆಯ ವಿಷದ ಹಾವುಗಳಲ್ಲಿ ಬಾವು ಬರಿಸುವುದರಲ್ಲಿ ಮುಖ್ಯವಾದವು ಕೊಳಕುಮಂಡಲ ಮತ್ತು ಗರಗಸಮಂಡಲ. ಕೊಳಕುಮಂಡಲವು ದಪ್ಪ ಮೈಯದು. ಬೆನ್ನಿನ ಮೇಲೆ ಸರಪಳಿಯಂತಹ ಕಂದು ಮಚ್ಚೆಗಳು. ಕುಕ್ಕರಿನ ಸೀಟಿಯಂತೆ ಬುಸುಗುಟ್ಟುತ್ತದೆ. ಗರಗಸಮಂಡಲವು ಚಿಕ್ಕದು, ಒಣ ಕಲ್ಲುನೆಲದ ವಾಸಿ, ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂತಹ ಸದ್ದು ಮಾಡುತ್ತದೆ. ಇವೆರಡರ ವಿಷವೂ ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಒಮ್ಮೆಲೇ ಕೆರಳಿಸಿ ಖರ್ಚು ಮಾಡಿಬಿಡುತ್ತದೆ. ಆ ಬಳಿಕ ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕೊಳಕುಮಂಡಲದ ಕಡಿತದಲ್ಲಿ ಮೂತ್ರಪಿಂಡಗಳೂ ಕೆಡಬಹುದು. ನಾಗರದ ಕಡಿತದಲ್ಲಿಯೂ ಬಾವು ಬರುತ್ತದೆ, ಆದರೆ ಅದರ ಜೊತೆಗೆ ರೆಪ್ಪೆ ಜೋಲುವುದು, ನಡಿಗೆ ತಪ್ಪುವುದು, ಉಸಿರು ಕಟ್ಟುವುದು ಕಾಣುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಬಾವು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬಾವಿಲ್ಲವೆಂದ ಮಾತ್ರಕ್ಕೆ ಹಾವು ಕಡಿದಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ.

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಕಾಗಿಲ್ಲವೆಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಮನುಷ್ಯರಿಗೆ ಹಾವು ಕಡಿದಾಗ ಮಾಡುವ 20 ನಿಮಿಷದ ಪರೀಕ್ಷೆಯನ್ನು ಪಶುವೈದ್ಯರೂ ಬಳಸುತ್ತಾರೆ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರಿನಷ್ಟು ರಕ್ತವನ್ನು ತೆಗೆದುಕೊಂಡು 20 ನಿಮಿಷ ಅಲುಗಿಸದೆ ಇಡುತ್ತಾರೆ. ಬಳಿಕ ಓರೆಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಅದು ಜಾರುವುದಿಲ್ಲ. ಇನ್ನೂ ನೀರಿನಂತೆ ಹರಿದರೆ ವಿಷವು ರಕ್ತಕ್ಕೆ ಸೇರಿದೆಯೆಂಬ ಸಂದೇಹ ಬಲವಾಗುತ್ತದೆ. ಮೊದಲ ಸಲ ಸರಿಯಿದ್ದರೂ ಕೆಲವು ಗಂಟೆಗಳ ನಂತರ ಕೆಡಬಹುದಾದ್ದರಿಂದ ಪರೀಕ್ಷೆಯನ್ನು ಪುನಃ ಮಾಡುತ್ತಾರೆ.

ಇದಕ್ಕಿರುವ ಮದ್ದು ಪ್ರತಿವಿಷವೊಂದೇ. ಭಾರತದಲ್ಲಿ ಅದನ್ನು ಕುದುರೆಗಳ ರಕ್ತದಿಂದ ಸಿದ್ಧಪಡಿಸುತ್ತಾರೆ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಅನ್ವಯಿಸುತ್ತದೆ. ಹೀಗಿರುವುದರಿಂದ ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ತರುವ ಅಗತ್ಯವೇ ಇಲ್ಲ. ಆ ಯತ್ನದಲ್ಲಿ ಇನ್ನೊಬ್ಬರು ಕಡಿಸಿಕೊಳ್ಳುವ ಸಂಭವವೇ ಹೆಚ್ಚು. ನಾಯಿ ಚಿಕ್ಕದೆಂದು ಮದ್ದಿನ ಪ್ರಮಾಣವೂ ಚಿಕ್ಕದಾಗುವುದಿಲ್ಲ. ಹಾವು ಬಿಡುವ ವಿಷ ಕಡಿಸಿಕೊಂಡ ಜೀವಿಯ ತೂಕವನ್ನು ನೋಡಿ ಬರುವುದಿಲ್ಲವಲ್ಲ! ಪ್ರತಿವಿಷವು ಕೆಲವೊಮ್ಮೆ ಒಗ್ಗದೆ ಅಪಾಯ ತರುವುದರಿಂದ ಅದನ್ನು ವೈದ್ಯರ ಸಮ್ಮುಖದಲ್ಲಿಯೇ ಕೊಡಬೇಕು. ಎಲ್ಲ ಪಶು ಆಸ್ಪತ್ರೆಗಳಲ್ಲಿ ಎಲ್ಲ ವೇಳೆಯಲ್ಲಿ ಅದು ಸಿದ್ಧವಿರುತ್ತದೆಂದು ಭಾವಿಸಬಾರದು. ಹೊರಡುವ ಮೊದಲೇ ದೂರವಾಣಿಯಲ್ಲಿ ವಿಚಾರಿಸಿದರೆ ಅಮೂಲ್ಯವಾದ ಸಮಯ ಉಳಿಯುತ್ತದೆ. ಜಾನುವಾರುಗಳ ತುರ್ತುಸೇವೆಗೆ 1962 ಸಂಖ್ಯೆಯಿದೆ.

ಮಾಡಬಾರದ ಕೆಲಸಗಳು ಮಾಡಬೇಕಾದವುಗಳಷ್ಟೇ ಮುಖ್ಯ. ಕಾಲಿಗೆ ಹಗ್ಗ ಬಿಗಿಯಬಾರದು. ರಕ್ತದ ಓಡಾಟ ನಿಂತು ಕಾಲೇ ಕೊಳೆಯುತ್ತದೆ. ಕೊಯ್ಯಬಾರದು; ಹೆಪ್ಪುಗಟ್ಟದ ರಕ್ತ ನಿಲ್ಲುವುದಿಲ್ಲ. ಬಾಯಿಂದ ಹೀರುವುದು, ವಿಷಕಲ್ಲು ಇಡುವುದು, ಮಂಜುಗಡ್ಡೆ ಇಡುವುದು ಯಾವುದೂ ಫಲಕಾರಿಯಲ್ಲ. ಮನೆಯಲ್ಲಿರುವ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಇವು ನಾಯಿಯ ಯಕೃತ್ತಿಗೆ, ಹೊಟ್ಟೆಗೆ, ಮೂತ್ರಪಿಂಡಕ್ಕೆ ಹಾನಿಕರ; ಕೆಲವು ರಕ್ತಸ್ರಾವವನ್ನೂ ಹೆಚ್ಚಿಸುತ್ತವೆ. ಡೈಕ್ಲೋಫೆನಾಕ್ ಕೊಟ್ಟ ದನಗಳ ಕಳೇಬರವನ್ನು ತಿಂದು ದೇಶದ ರಣಹದ್ದುಗಳು ನಾಶವಾದುದರಿಂದ 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತೆಂಬುದನ್ನು ಪರಿಸರಾಸಕ್ತರು ಮರೆಯಲಾಗದು.

ಮಾಡಬೇಕಾದುದಿಷ್ಟು. ನಾಯಿಯನ್ನು ನಡೆಸದೆ ಎತ್ತಿ ಒಯ್ಯಬೇಕು. ನೋವಿನಲ್ಲಿ ಒಡೆಯನನ್ನೇ ಕಚ್ಚಬಹುದಾದ್ದರಿಂದ ಕಂಬಳಿಯಲ್ಲಿ ಸುತ್ತಿ ಎತ್ತುವುದು ಲೇಸು. ಕಚ್ಚಿಯೇ ಬಿಟ್ಟರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ರೇಬಿಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು. ಕೊರಳಪಟ್ಟಿ, ಕಾಲಿನ ಗೆಜ್ಜೆ, ದಾರಗಳನ್ನು ಬಿಚ್ಚಬೇಕು. ಬಾವು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಪೆನ್ನಿನಿಂದ ಗೆರೆಯೆಳೆದು ಸಮಯವನ್ನು ಬರೆದುಕೊಳ್ಳಬೇಕು. ದಾರಿಯಲ್ಲಿಯೇ ಅರ್ಧ ಗಂಟೆಗೊಮ್ಮೆ ನೋಡಿದರೆ ಅದು ಏರುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ವೈದ್ಯರಿಗೆ ಆ ಗೆರೆಗಳು ನೂರು ಮಾತಿಗಿಂತ ಹೆಚ್ಚು ಉಪಯುಕ್ತ.

ಒಂದು ನಾಯಿಗಾಗಿ ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ತೋಳದ ಭಯವಿರುವ ಬಯಲಿನಲ್ಲಿ ಇರುಳು ಕಳೆಯುವ ಕುರಿಗಾರನಿಗೆ ಆ ಪ್ರಶ್ನೆ ಏಳುವುದಿಲ್ಲ. ಅಷ್ಟೇ ಅಲ್ಲ, ನಾಯಿ ಕಡಿಸಿಕೊಂಡ ಅದೇ ಬದುವಿನಲ್ಲಿ ಮರುದಿನ ಹೆಣ್ಣುಮಕ್ಕಳು ಬರಿಗೈಯಲ್ಲಿ ಕಸ ತೆಗೆಯಲು ಕೂರುತ್ತಾರೆ, ಅದೇ ಬಣವೆಯಿಂದ ಮಕ್ಕಳು ಕಣಿಕೆ ಎಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಮನುಷ್ಯರಿಗಾದ ಪ್ರತಿ ಕಡಿತವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ನಾಯಿಗಾದ ಕಡಿತವನ್ನು ಬರೆದಿಡುವವರು ಊರಿನವರೇ ಆಗಬೇಕು. ಯಾವ ಹೊಲ, ಯಾವ ತಿಂಗಳು, ಯಾವ ಹೊತ್ತು ಎಂಬುದನ್ನು ಶಾಲೆಯ ಮಕ್ಕಳು ಒಂದು ಪುಸ್ತಕದಲ್ಲಿ ಗುರುತಿಸುತ್ತ ಬಂದರೆ, ಎರಡು ಮೂರು ವರ್ಷಗಳಲ್ಲಿ ಊರಿಗೆ ತನ್ನದೇ ಆದ ಒಂದು ಎಚ್ಚರಿಕೆಯ ನಕ್ಷೆ ದೊರೆಯುತ್ತದೆ.

ಆ ನಕ್ಷೆಯ ಉದ್ದೇಶ ಹಾವುಗಳನ್ನು ಮುಗಿಸುವುದಲ್ಲ. ಹಾವಿಲ್ಲದ ಹೊಲದಲ್ಲಿ ಕಡಲೆಯನ್ನೂ ಜೋಳವನ್ನೂ ಇಲಿಯಿಂದ ಕಾಯುವವರು ಕಡಿಮೆಯಾಗುತ್ತಾರೆ. ಬಣವೆಯನ್ನು ಮನೆಯಿಂದ ದೂರವಿಡುವುದು, ರಾತ್ರಿ ಬ್ಯಾಟರಿ ಹಿಡಿದು ನಡೆಯುವುದು, ಕಸ ತೆಗೆಯುವ ಮುನ್ನ ಕೋಲಿನಿಂದ ಪೊದೆಯನ್ನು ತಟ್ಟುವುದು, ಇಷ್ಟರಿಂದಲೇ ಎರಡೂ ಜೀವಗಳಿಗೆ ದಾರಿ ಬಿಟ್ಟಂತಾಗುತ್ತದೆ. ನಾಯಿಗೆ ಮಾತು ಬಾರದು. ಅದು ತನ್ನ ಕಾಲನ್ನಷ್ಟೇ ಎತ್ತಿ ತೋರಿಸುತ್ತದೆ. ಅದನ್ನು ಆ ಗಳಿಗೆಯಲ್ಲಿಯೇ ನೋಡಿ ಅರಿಯುವವರಿದ್ದರೆ ನಾಯಿಯೂ ಉಳಿಯುತ್ತದೆ; ಅದರ ಹಿಂದೆ ಅದೇ ದಾರಿಯಲ್ಲಿ ನಡೆಯುವವರೂ ಉಳಿಯುತ್ತಾರೆ.